ನ್ಯಾನೊ ಅಷ್ಟು ಒಳ್ಳೇದಾದ್ರೆ ಸೆಲ್ ಒಳಗೆ ಇನ್ನೂ ಮೈಕ್ರಾನ್ ಪುಡಿ ಯಾಕಿದೆ?

ಕಾಯಿನ್‌ಸೆಲ್ ಕಷ್ಟಜೀವಿ
ಎಲ್ರಿಗೂ ನಮಸ್ಕಾರ. ಲಿಥಿಯಂ ಅಯಾನ್ ಬ್ಯಾಟರಿ ಆನೋಡ್ (ಮೈನಸ್ ಎಲೆಕ್ಟ್ರೋಡ್) ಮೇಲೆ ಪ್ರಾಜೆಕ್ಟ್ ಶುರು ಮಾಡಿದೀನಿ, ಗೈಡ್ ಒಂದು ರಾಶಿ ಪೇಪರ್ ಕೊಟ್ಟು ಓದ್ಕೊಂಡು ಬಾ ಅಂದಿದಾರೆ, ಓದ್ತಾ ಓದ್ತಾ ತಲೆ ಚಿಟ್ಟು ಹಿಡಿದಿದೆ. ಯಾವ್ದು ತೆಗೆದ್ರೂ ನ್ಯಾನೊವೈರ್, ನ್ಯಾನೊಟ್ಯೂಬ್, ಟೊಳ್ಳು ಗೋಳ, ಅದ್ರ ಮೇಲೊಂದು ಗ್ರಾಫೀನ್ ಹೊದಿಕೆ, ಕೊನೇ ಗ್ರಾಫಲ್ಲಿ ಗ್ರಾಫೈಟ್‌ಗಿಂತ ಐದಾರು ಪಟ್ಟು ಕೆಪ್ಯಾಸಿಟಿ. ಸರಿ ಅಂತ ಲ್ಯಾಬಲ್ಲಿದ್ದ ಹಳೇ 18650 ಸೆಲ್ ಬಿಚ್ಚಿ ಆನೋಡ್ ಕೆರೆದು ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಅಡಿ ಇಟ್ರೆ ಬರೀ ಹತ್ತಿಪ್ಪತ್ತು ಮೈಕ್ರಾನಿನ ಗ್ರಾಫೈಟ್ ಚೂರು. 1991ರಲ್ಲಿ ಸೋನಿಯವರು ಗ್ರಾಫೈಟ್ ಹಾಕಿ ಮೊದಲ ಸೆಲ್ ಮಾರಿದ್ರು, ಇಷ್ಟು ವರ್ಷ ಆದ್ಮೇಲೂ ಅದೇನಾ? ನ್ಯಾನೊ ಅನ್ನೋದು ಪೇಪರ್ ಬರಿಯೋಕಷ್ಟೇ ಇರೋ ವಿಷಯನಾ?

ಮುಳ್ಳುಹಂದಿ
ಬಿಚ್ಚೋ ಮುಂಚೆ ಪೂರ್ತಿ ಡಿಸ್ಚಾರ್ಜ್ ಮಾಡಿದ್ರಿ ತಾನೆ?

ಕಾಯಿನ್‌ಸೆಲ್ ಕಷ್ಟಜೀವಿ
ಮಾಡಿದ್ದೆ ಸಾರ್. ಗ್ಲವ್‌ಬಾಕ್ಸ್ (ಗಾಳಿ, ತೇವ ತಾಗದ ಪೆಟ್ಟಿಗೆ) ಒಳಗೇ ಬಿಚ್ಚಿದ್ದು.

ಕಾರ್ಬನ್ ಕಾಕಾ
ಮೊದ್ಲು ಒಂದು ತಿದ್ದುಪಡಿ. ಸೋನಿಯ 1991ರ ಸೆಲ್‌ನಲ್ಲಿ ಗ್ರಾಫೈಟ್ ಇರ್ಲಿಲ್ಲ ತಮ್ಮಾ, ಪದರಗಳು ನೆಟ್ಟಗಿಲ್ಲದ ಬೇರೆ ಥರದ ಕಾರ್ಬನ್ ಇತ್ತು. ಆಗ ಬಳಸ್ತಿದ್ದ ಪ್ರೊಪಿಲೀನ್ ಕಾರ್ಬೊನೇಟ್ ಅನ್ನೋ ದ್ರಾವಕ ಗ್ರಾಫೈಟ್ ಪದರಗಳ ಮಧ್ಯೆ ನುಗ್ಗಿ ಅದನ್ನ ಸುಲಿದು ಹಾಕ್ತಿತ್ತು. ಎಥಿಲೀನ್ ಕಾರ್ಬೊನೇಟ್ ಬಂದು ಗ್ರಾಫೈಟ್ ಮೇಲೆ ಒಳ್ಳೇ ಪೊರೆ ಕಟ್ಟೋಕೆ ಶುರುವಾದ್ಮೇಲೇನೇ ಗ್ರಾಫೈಟ್‌ಗೆ ಕಾಲ ಬಂದಿದ್ದು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನಿನ್ನ ಪ್ರಶ್ನೆಗೆ ಉತ್ತರ ಆ ಪೊರೆಯಲ್ಲೇ ಇದೆ. ಎಲೆಕ್ಟ್ರೋಡ್ ಎಷ್ಟೇ ಚೆನ್ನಾಗಿರ್ಲಿ, ಎಲೆಕ್ಟ್ರೋಲೈಟ್ (ಲಿಥಿಯಂ ಅಯಾನ್ ಓಡಾಡೋ ದ್ರವ) ಜೊತೆ ಅದು ಬಾಳ್ವೆ ಮಾಡುತ್ತಾ ಇಲ್ವಾ ಅನ್ನೋದು ಮುಖ್ಯ.

ಡಿಫ್ಯೂಷನ್ ದಾಸ
ಪೇಪರ್ ಬರಿಯೋಕಷ್ಟೇ ಅನ್ನೋದನ್ನ ನಾನು ಒಪ್ಪಲ್ಲ. ಕ್ಯಾಥೋಡ್ (ಪ್ಲಸ್ ಎಲೆಕ್ಟ್ರೋಡ್) ಕಡೆ ಸ್ವಲ್ಪ ತಿರುಗಿ ನೋಡಿ, ಎಲ್‌ಎಫ್‌ಪಿ ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್, ಅದು ಇವತ್ತು ಬದುಕಿರೋದೇ ನ್ಯಾನೊ ಇಂದ.

ಸಣ್ಣ ಲೆಕ್ಕ ಮಾಡೋಣ. ಒಂದು ಕಣದ ಒಳಗೆ ಲಿಥಿಯಂ ಹರಡೋಕೆ ಬೇಕಾಗೋ ಸಮಯ ಹೆಚ್ಚುಕಮ್ಮಿ ದೂರದ ವರ್ಗವನ್ನ ಡಿಫ್ಯೂಷನ್ ಗುಣಾಂಕದಿಂದ ಭಾಗಿಸಿದಷ್ಟು. ಎಲ್‌ಎಫ್‌ಪಿ ಗುಣಾಂಕ ಸೆಕೆಂಡಿಗೆ 10ರ ಘಾತ ಮೈನಸ್ 14 ಚದರ ಸೆಂ.ಮೀ. ಆಸುಪಾಸು ಅಂತ ಹಿಡ್ಕೊಳ್ಳಿ. 10 ಮೈಕ್ರಾನ್ ದಾಟಬೇಕಂದ್ರೆ ಹತ್ತು ಕೋಟಿ ಸೆಕೆಂಡ್, ಅಂದ್ರೆ ಮೂರು ವರ್ಷ! ಅದೇ 100 ನ್ಯಾನೊಮೀಟರ್ ಆದ್ರೆ ಹತ್ತು ಸಾವಿರ ಸೆಕೆಂಡ್, ಮೂರು ಗಂಟೆ ಒಳಗೆ. ಸೈಜು ನೂರು ಪಟ್ಟು ಇಳಿದ್ರೆ ಸಮಯ ಹತ್ತು ಸಾವಿರ ಪಟ್ಟು ಇಳೀತು. ಅದ್ರ ಮೇಲೆ ಆ ಹರಳಿನಲ್ಲಿ ಲಿಥಿಯಂ ಓಡಾಡೋದು ಒಂದೇ ದಿಕ್ಕಿನ ಕಿರಿದಾದ ಕಾಲುವೇಲಿ. ಲಿಥಿಯಂ ಜಾಗದಲ್ಲಿ ಕಬ್ಬಿಣದ ಪರಮಾಣು ಬಂದು ಕೂತ್ರೆ ಕಾಲುವೆ ಬಂದ್. ಕಣ ದೊಡ್ಡದಾದಷ್ಟೂ ಹಿಂಗೆ ಬಂದ್ ಆಗಿ ಒಳಗೇ ಸಿಕ್ಕಿಹಾಕ್ಕೊಳ್ಳೋ ಲಿಥಿಯಂ ಜಾಸ್ತಿ.

1997ರಲ್ಲಿ ಪಾಧಿ, ಗುಡ್‌ಇನಫ್ ಅವ್ರೆಲ್ಲ ಈ ವಸ್ತುವನ್ನ ತಂದಾಗ ನಿಧಾನಕ್ಕೆ ಮಾತ್ರ ಚಾರ್ಜ್ ಆಗುತ್ತೆ ಅಂತ ಅವ್ರೇ ಬರೆದಿದ್ರು. ಕಣ ಸಣ್ಣ ಮಾಡಿ ಕಾರ್ಬನ್ ಲೇಪನ ಕೊಟ್ಟ ಮೇಲೆ ಅದೇ ವಸ್ತು ಬಸ್ಸು ಕಾರು ಓಡಿಸ್ತಾ ಇದೆ. ಕೆಪ್ಯಾಸಿಟಿ ಮಿತಿ ಮಾತ್ರ ಆಗಲೂ ಗ್ರಾಂಗೆ 170 ಮಿಲಿಆಂಪ್-ಅವರ್, ಈಗಲೂ ಅಷ್ಟೇ. ನ್ಯಾನೊ ಮಾಡಿದ್ರೆ ಆ ಮಿತಿ ದಾಟಲ್ಲ, ಅಲ್ಲೀವರೆಗೂ ಹೋಗೋ ದಾರಿ ತೆರೆಯುತ್ತೆ ಅಷ್ಟೇ.

ಟ್ಯಾಪ್ ಡೆನ್ಸಿಟಿ
ಲೆಕ್ಕ ಖರೇ ಅದರಿ, ಆದ್ರ ಅರ್ಧ ಲೆಕ್ಕ ಅದು. ಇನ್ನರ್ಧ ನಾ ಹೇಳ್ತೀನಿ ಕೇಳ್ರಿ. ಎಲ್‌ಎಫ್‌ಪಿ ಸಾಂದ್ರತೆ ಒಂದು ಸಿಸಿಗೆ 3.6 ಗ್ರಾಂ ಐತಿ. 10 ಮೈಕ್ರಾನಿನ ನುಣ್ಣನ ಗುಂಡು ಅಂದ್ರ ಒಂದು ಗ್ರಾಂ ಪುಡಿಗೆ ಮೇಲ್ಮೈ 0.17 ಚದರ ಮೀಟರ್. 100 ನ್ಯಾನೊಮೀಟರ್ ಮಾಡಿದ್ರ 17 ಚದರ ಮೀಟರ್. ಅಷ್ಟೂ ಮೇಲ್ಮೈಗೆ ಬೈಂಡರ್ (ಪುಡಿ ಹಿಡಿಯೂ ಅಂಟು) ಹತ್ತಬೇಕು, ಕಾರ್ಬನ್ ಮುಟ್ಟಬೇಕು, ಅಷ್ಟೂ ಮೇಲ್ಮೈ ಗಾಳಿಯೊಳಗಿನ ತೇವ ಹೀರತೈತಿ. ಆ ತೇವ ಎಲೆಕ್ಟ್ರೋಲೈಟ್‌ದಾಗಿನ ಉಪ್ಪಿನ ಜೋಡಿ ಸೇರಿ ಎಚ್‌ಎಫ್ (ಹೈಡ್ರೋಫ್ಲೋರಿಕ್) ಆಮ್ಲ ಮಾಡತೈತಿ, ಆಮ್ಲ ಕ್ಯಾಥೋಡ್ ಕೆಡಸತೈತಿ. ಒಂದ ಕೈಯಿಂದ ಕೊಟ್ಟಿದ್ದನ್ನ ಇನ್ನೊಂದ ಕೈಯಿಂದ ಕಸಗೊಂಡಂಗ ಆತಲ್ರಿ.

ಇನ್ನ ಪುಡಿ ಒತ್ತಿದ್ರ ಒಂದಕ್ಕೊಂದು ಅಡಕ ಆಗಿ ಕೂಡಂಗಿಲ್ಲ, ನಡುವ ಖಾಲಿ ಜಾಗ ಭಾಳ ಉಳೀತೈತಿ. ಗ್ರಾಂ ಲೆಕ್ಕದಾಗ ಹೀರೋ, ಲೀಟರ್ ಲೆಕ್ಕದಾಗ ಜೀರೋ. ಫೋನಿನೊಳಗ, ಕಾರಿನೊಳಗ ಇರೂದು ಇಷ್ಟ ಜಾಗ ಅಂತ ಅಳದು ಕೊಟ್ಟಿರ್ತಾರ, ಅಲ್ಲಿ ಗ್ರಾಂ ಯಾರು ಕೇಳ್ತಾರ?

ಸ್ಲರಿ ಸಂಕಟ
ಟ್ಯಾಪ್ ಡೆನ್ಸಿಟಿ ಸಾರ್ ಹೇಳಿದ್ದಕ್ಕೆ ನನ್ನದೊಂದು ಸಾಕ್ಷಿ. ಮಾಮೂಲಿ ಗ್ರಾಫೈಟ್‌ಗೆ ಹಾಕೋ ಅಳತೆಯಲ್ಲೇ ನ್ಯಾನೊ ಪುಡಿಗೂ ದ್ರಾವಕ ಹಾಕಿ ಮಿಕ್ಸರ್ ತಿರುಗಿಸಿದ್ರೆ ಸ್ಲರಿ (ಫಾಯಿಲ್ ಮೇಲೆ ಬಳಿಯೋ ಹಿಟ್ಟು) ಆಗೋದೇ ಇಲ್ಲ, ಗಟ್ಟಿ ಮುದ್ದೆ ಆಗಿ ಬ್ಲೇಡಿಗೆ ಅಂಟ್ಕೊಂಡು ಕೂರುತ್ತೆ. ತೆಳ್ಳಗಾಗ್ಲಿ ಅಂತ ದ್ರಾವಕ ಸುರಿತಾ ಹೋದ್ರೆ ಕೋಟಿಂಗ್ ಏನೋ ಆಗುತ್ತೆ, ಒಣಗುವಾಗ ಫಾಯಿಲ್ ಮೇಲೆ ಬೇಸಿಗೆಯಲ್ಲಿ ಬತ್ತಿದ ಕೆರೆ ಅಂಗಳದ ಥರ ಬಿರುಕು, ಅಂಚು ಮೇಲಕ್ಕೆ ಸುರುಟ್ಕೊಳ್ಳುತ್ತೆ, ಒತ್ತಿ ಅಡಕ ಮಾಡೋ ಕ್ಯಾಲೆಂಡರ್ ರೋಲರ್‌ಗೆ ಹಾಕಿದ್ರೆ ಹಾಳೆ ಹಾಳೆಯಾಗಿ ಉದುರುತ್ತೆ. ತೀರಾ ತೆಳ್ಳಗೆ ಬಳಿದ್ರೆ ಮಾತ್ರ ನಿಲ್ಲೋದು. ಪೇಪರಲ್ಲಿ ಚದರ ಸೆಂ.ಮೀ.ಗೆ ಒಂದು ಮಿಲಿಗ್ರಾಂ ಲೋಡಿಂಗ್ (ಫಾಯಿಲ್ ಮೇಲೆ ಬಳಿದ ವಸ್ತುವಿನ ತೂಕ) ಅಂತ ಯಾಕಿರುತ್ತೆ ಅಂತ ಅವತ್ತು ಗೊತ್ತಾಯ್ತು. ನಿಜವಾದ ಸೆಲ್‌ಗೆ ಚದರ ಸೆಂ.ಮೀ.ಗೆ ಮೂರ್ನಾಲ್ಕು ಮಿಲಿಆಂಪ್-ಅವರ್ ಬೇಕು.

ಡಿಫ್ಯೂಷನ್ ದಾಸ
> ಗ್ರಾಂ ಲೆಕ್ಕದಾಗ ಹೀರೋ, ಲೀಟರ್ ಲೆಕ್ಕದಾಗ ಜೀರೋ

ಹಂಗಾದ್ರೆ ಎಲ್‌ಎಫ್‌ಪಿ ಹೆಂಗೆ ಗೆದ್ದಿತು ಹೇಳಿ? ನ್ಯಾನೊ ಪುಡಿಯನ್ನೇ ಸ್ಪ್ರೇ ಡ್ರೈ ಮಾಡಿ (ದ್ರವದಲ್ಲಿ ಕಲೆಸಿ, ಬಿಸಿ ಗಾಳಿಗೆ ಚಿಮುಕಿಸಿ ಒಣಗಿಸಿ) ಮೈಕ್ರಾನ್ ಸೈಜಿನ ಉಂಡೆ ಕಟ್ತಾರೆ. ಒಳಗೆ ಸಣ್ಣ ಕಣ, ಹೊರಗೆ ದೊಡ್ಡ ಉಂಡೆ. ಯಂತ್ರಕ್ಕೆ ಅದು ಮೈಕ್ರಾನ್, ಲಿಥಿಯಂಗೆ ಅದು ನ್ಯಾನೊ. ನೀವು ಹೇಳಿದ ತೊಂದರೆ ನಿಜ, ಅದಕ್ಕೆ ಮದ್ದೂ ಇದೆ.

ಟ್ಯಾಪ್ ಡೆನ್ಸಿಟಿ
ಉಂಡಿ ಕಟ್ಟಿದ್ರ ಲಿಕ್ವಿಡ್ ಒಳಗ ನುಗ್ಗೂದಿಲ್ಲೇನು? ಮೇಲ್ಮೈ ಅಷ್ಟ ಇರತೈತಲ್ರಿ.

ವೋಲ್ಟೇಜ್ ವನಜಾ
ಇಬ್ಬರೂ ಒಂದು ವಿಷಯ ಬಿಟ್ಟು ಜಗಳ ಆಡ್ತಿದೀರ, ವೋಲ್ಟೇಜ್. ಮೇಲ್ಮೈ ಜಾಸ್ತಿ ಇರೋದು ತೊಂದರೆನಾ ಅಲ್ವಾ ಅನ್ನೋದು ಆ ಎಲೆಕ್ಟ್ರೋಡ್ ಯಾವ ವೋಲ್ಟೇಜಲ್ಲಿ ಕೆಲಸ ಮಾಡುತ್ತೆ ಅನ್ನೋದರ ಮೇಲೆ ನಿಂತಿದೆ. ಮಾಮೂಲಿ ಕಾರ್ಬೊನೇಟ್ ಎಲೆಕ್ಟ್ರೋಲೈಟ್, ಲಿಥಿಯಂಗೆ ಹೋಲಿಸಿ ಸುಮಾರು 1 ವೋಲ್ಟ್‌ಗಿಂತ ಕೆಳಗಿಳಿದ್ರೆ ಒಡೆದು ಪೊರೆ ಕಟ್ಟೋಕೆ ಶುರು ಮಾಡುತ್ತೆ. ಅದೇ ಎಸ್‌ಇಐ ಪೊರೆ, 1979ರಲ್ಲಿ ಪೆಲೆಡ್ ವಿವರಿಸಿದ್ದು. ಮೇಲುಗಡೆ 4 ವೋಲ್ಟ್ ದಾಟಿ ಹೋದಷ್ಟೂ ಆಕ್ಸಿಡೇಷನ್ ಕಾಟ.

ಈಗ ನೋಡಿ. ಎಲ್‌ಎಫ್‌ಪಿ 3.4 ವೋಲ್ಟ್, ಎರಡೂ ಅಪಾಯದಿಂದ ದೂರ. ಲಿಥಿಯಂ ಟೈಟನೇಟ್ 1.55 ವೋಲ್ಟ್, ಅದೂ ಬಚಾವ್. ಅದಕ್ಕೇ ಆ ಎರಡನ್ನೂ ಧೈರ್ಯವಾಗಿ ನ್ಯಾನೊ ಮಾಡಿದ್ರು, ತೊಶಿಬಾದವರು ಟೈಟನೇಟ್ ಸೆಲ್ ಮಾರುಕಟ್ಟೆಗೆ ತಂದ್ರು, ನಿಮಿಷಗಳಲ್ಲಿ ಚಾರ್ಜ್ ಆಗುತ್ತೆ. ಗ್ರಾಫೈಟ್ ಕೆಲಸ ಮಾಡೋದು 0.1 ವೋಲ್ಟ್ ಹತ್ರ. ಅದನ್ನ ನ್ಯಾನೊ ಮಾಡಿದ್ರೆ ಮೊದಲನೇ ಚಾರ್ಜಲ್ಲೇ ಕ್ಯಾಥೋಡ್‌ನ ಲಿಥಿಯಂ ಎಲ್ಲಾ ಪೊರೆಗೆ ಸುರಿದು ಕೈ ತೊಳ್ಕೊಬೇಕು. ಕಷ್ಟಜೀವಿಯವರೇ, ನಿಮ್ಮ ಎಸ್‌ಇಎಂನಲ್ಲಿ ಕಂಡ ದಪ್ಪ ಚೂರು ಯಾರೋ ಸೋಮಾರಿತನದಿಂದ ಬಿಟ್ಟಿದ್ದಲ್ಲ, ಬೇಕಂತಲೇ ಹಾಗೆ ಇಟ್ಟಿದ್ದು.

ಕಾಯಿನ್‌ಸೆಲ್ ಕಷ್ಟಜೀವಿ
ಮೇಡಂ ಇದು ಯಾವ ರಿವ್ಯೂ ಪೇಪರಲ್ಲೂ ಇಷ್ಟು ಬಿಡಿಸಿ ಹೇಳಿರ್ಲಿಲ್ಲ. ಆದ್ರೆ ಸಿಲಿಕಾನ್ ಕಥೆ? ಅದೂ 0.4 ವೋಲ್ಟ್ ಆಸುಪಾಸೇ ತಾನೆ, ಅಲ್ಲಿ ನ್ಯಾನೊ ಬೇಕೇ ಬೇಕು ಅಂತಾರಲ್ಲ?

ಗ್ಯಾಸ್‌ಕೆಟ್ ಗಣಿ
ಈಗ ಬಂತು ನೋಡು ಅಸಲಿ ಪಿಕ್ಚರ್ 🍿

ಸಿಲಿಕಾನ್ ಸೀನ
ಗುರು ಸಿಲಿಕಾನ್ ನನ್ನ ಏರಿಯಾ, ಉದ್ದ ಆಗುತ್ತೆ ಬೈಬೇಡಿ.

ಗ್ರಾಫೈಟ್ ಗ್ರಾಂಗೆ 372 ಮಿಲಿಆಂಪ್-ಅವರ್, ಸಿಲಿಕಾನ್ 3579. ಹತ್ತು ಪಟ್ಟು ಹತ್ರ. ಆದ್ರೆ ಲಿಥಿಯಂ ತುಂಬ್ಕೊಂಡಾಗ ಸಿಲಿಕಾನ್ ಮೊದಲಿದ್ದ ಗಾತ್ರದ ನಾಲ್ಕು ಪಟ್ಟಿನಷ್ಟು ಊದ್ಕೊಳ್ಳುತ್ತೆ, ಖಾಲಿ ಆದಾಗ ಕುಗ್ಗುತ್ತೆ. ದೊಡ್ಡ ಕಣ ಆದ್ರೆ ಒಂದೆರಡು ಸೈಕಲ್‌ನಲ್ಲೇ ಒಡೆದು ಚೂರು. ಕಣ ಸುಮಾರು 150 ನ್ಯಾನೊಮೀಟರ್‌ಗಿಂತ ಸಣ್ಣದಾದ್ರೆ ಒಡೆಯಲ್ಲ ಅಂತ 2012ರಲ್ಲಿ ಟಿಇಎಂ (ಇನ್ನೊಂದು ಥರದ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಒಳಗೇ ಲಿಥಿಯಂ ತುಂಬಿಸ್ತಾ ತೋರಿಸಿದ್ರು, ಬಿರುಕು ಬೆಳೆಯೋಕೆ ಬೇಕಾದಷ್ಟು ಶಕ್ತಿ ಅಷ್ಟು ಸಣ್ಣ ಕಣದಲ್ಲಿ ಕೂಡಿಬರಲ್ಲ. ಅದಕ್ಕೂ ಮುಂಚೆ 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ಯೀ ಚುಯಿ ಗುಂಪು ಸ್ಟೀಲ್ ಫಾಯಿಲ್ ಮೇಲೆ ನೇರವಾಗಿ ಸಿಲಿಕಾನ್ ನ್ಯಾನೊವೈರ್ ಬೆಳೆಸಿ, ಅದು ದಪ್ಪ ಆಗ್ತದೆ, ಉದ್ದ ಆಗ್ತದೆ, ಮುರಿಯಲ್ಲ ಅಂತ ತೋರಿಸಿತ್ತು. ಅಲ್ಲಿಂದ ಇಡೀ ಪ್ರಪಂಚ ಸಿಲಿಕಾನ್ ಹಿಂದೆ ಬಿತ್ತು.

ಆದ್ರೆ ಒಡೆಯೋದು ನಿಂತ್ರೆ ಕಥೆ ಮುಗೀತಾ? ಇಲ್ಲ. ಕಣ ಊದಿದಾಗ ಮೇಲಿನ ಎಸ್‌ಇಐ ಪೊರೆ ಹರಿಯುತ್ತೆ, ಹೊಸ ಮೇಲ್ಮೈ ಎಲೆಕ್ಟ್ರೋಲೈಟ್‌ಗೆ ತೆರೆದುಕೊಳ್ಳುತ್ತೆ, ಅಲ್ಲಿ ಹೊಸ ಪೊರೆ, ಮತ್ತೆ ಕುಗ್ಗಿದಾಗ ಹಳೇದು ಸುಕ್ಕಾಗಿ ಕಳಚುತ್ತೆ. ಪ್ರತಿ ಸೈಕಲ್‌ಗೂ ಲಿಥಿಯಂ ತಿಂತಾನೇ ಇರುತ್ತೆ, ಎಲೆಕ್ಟ್ರೋಲೈಟ್ ಬತ್ತುತ್ತೆ. ನ್ಯಾನೊ ಮಾಡಿದ್ರೆ ಈ ರೋಗ ಇನ್ನೂ ಜೋರು, ಯಾಕಂದ್ರೆ ಮೇಲ್ಮೈ ಜಾಸ್ತಿ. ಅದಕ್ಕೆ ಅದೇ ಗುಂಪು 2014ರಲ್ಲಿ ದಾಳಿಂಬೆ ಅಂತ ಹೆಸರಿಟ್ಟು ಇನ್ನೊಂದು ರಚನೆ ಮಾಡಿತು. ಪ್ರತಿ ಸಿಲಿಕಾನ್ ಕಣದ ಸುತ್ತ ಊದೋಕೆ ಖಾಲಿ ಜಾಗ ಬಿಟ್ಟು ಕಾರ್ಬನ್ ಚಿಪ್ಪು, ಅಂಥವನ್ನೆಲ್ಲ ಗುಡ್ಡೆ ಹಾಕಿ ಮೈಕ್ರಾನ್ ಸೈಜಿನ ಉಂಡೆ, ಅದ್ರ ಮೇಲೆ ಇನ್ನೊಂದು ದಪ್ಪ ಕಾರ್ಬನ್ ಹೊದಿಕೆ. ಎಲೆಕ್ಟ್ರೋಲೈಟ್‌ಗೆ ಕಾಣೋದು ಹೊರಗಿನ ಹೊದಿಕೆ ಮಾತ್ರ. ಟ್ಯಾಪ್ ಡೆನ್ಸಿಟಿ ಅಣ್ಣ, ನೀವು ಕೇಳಿದ ಪ್ರಶ್ನೆಗೆ ಇದೇ ಉತ್ತರ, ಲಿಕ್ವಿಡ್ ಒಳಗೆ ನುಗ್ಗದಂಗೆ ಬಾಗಿಲು ಹಾಕೋದು.

ಟ್ಯಾಪ್ ಡೆನ್ಸಿಟಿ
ಹಾಂ, ಇದು ಮಾತು. ಆದ್ರ ಖಾಲಿ ಜಾಗ ಬಿಟ್ಟಿರಿ ಅಂದ್ರ ಮತ್ತ ಲೀಟರ್ ಲೆಕ್ಕ ಬಂತು 😄

ಪವರ್‌ಬ್ಯಾಂಕ್ ಪುಟ್ಟ
ಮಧ್ಯೆ ಬಾಯಿ ಹಾಕ್ತೀನಿ, ಸಿಟ್ಟಾಗ್ಬೇಡಿ. ಗ್ರಾಫೀನ್ ಬ್ಯಾಟರಿ ಅಂತ ದೊಡ್ಡದಾಗಿ ಬರೆದ ಪವರ್‌ಬ್ಯಾಂಕ್ ಒಂದು ತಗೊಂಡೆ, ಅದ್ರಲ್ಲಿ ನಿಜವಾಗ್ಲೂ ಗ್ರಾಫೀನ್ ಇರುತ್ತಾ? ಆಮೇಲೆ ಮೇಲೆ 10000 ಅಂತ ಬರೆದಿದ್ರೂ ಫೋನಿಗೆ ಅಷ್ಟು ಹೋಗ್ತಿಲ್ಲ, ಮೋಸನಾ?

ಮುಳ್ಳುಹಂದಿ
ಎರಡನೇದು ಮೋಸ ಅಲ್ಲ. 10000 ಅನ್ನೋದು ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕ. ಯುಎಸ್‌ಬಿಗೆ 5 ವೋಲ್ಟ್ ಮಾಡಿ ಕೊಡುವಾಗ ಅದು 7400 ಆಗುತ್ತೆ, ಅದ್ರಲ್ಲೂ ಪರಿವರ್ತನೆ ನಷ್ಟ ಬೇರೆ. ವ್ಯಾಟ್-ಅವರ್ ಎಷ್ಟು ಬರೆದಿದೆ ನೋಡ್ಕೊಳ್ಳಿ, ಅದು ಸುಳ್ಳು ಹೇಳಲ್ಲ.

ಕಾರ್ಬನ್ ಕಾಕಾ
ಮೊದಲನೇದಕ್ಕೆ ನಾನು. ಗ್ರಾಫೀನ್ ಇದ್ರೂ ಕರೆಂಟ್ ಹರಿಸೋ ಪುಡಿಯಾಗೋ, ಶಾಖ ಹಂಚೋಕೋ ಸ್ವಲ್ಪ ಹಾಕಿರಬಹುದು. ಚಾರ್ಜ್ ಹಿಡಿದಿಡೋದು ಅದೇ ಹಳೇ ಗ್ರಾಫೈಟು, ಅದೇ ಹಳೇ ಆಕ್ಸೈಡು. ಸದ್ದಿಲ್ಲದೆ ಗೆದ್ದಿರೋ ನ್ಯಾನೊ ಕಾರ್ಬನ್ ಬೇರೆ ಇದೆ, ಕಾರ್ಬನ್ ನ್ಯಾನೊಟ್ಯೂಬ್. ಉದ್ದನೆ ನಾರು ಆದ್ದರಿಂದ ಕಣದಿಂದ ಕಣಕ್ಕೆ ಸೇತುವೆ ಹಾಕುತ್ತೆ, ಕಾರ್ಬನ್ ಬ್ಲ್ಯಾಕ್ (ಕರೆಂಟ್ ಹರಿಸೋ ಮಸಿ ಪುಡಿ) ಹಾಕೋ ಕಡೆ ಅದರ ಒಂದು ಸಣ್ಣ ಪಾಲು ಸಾಕು, ಉಳಿದ ಜಾಗಕ್ಕೆ ಕೆಲಸದ ವಸ್ತು ತುಂಬಬಹುದು. ಸಿಲಿಕಾನ್ ಊದಿ ಕುಗ್ಗುವಾಗಲೂ ಅದು ಹಿಡಿತ ಬಿಡಲ್ಲ. ಪ್ಯಾಕೆಟ್ ಮೇಲೆ ಯಾರೂ ಅದ್ರ ಹೆಸರು ಬರೆಯಲ್ಲ ಅಷ್ಟೇ.

ಸ್ಲರಿ ಸಂಕಟ
ನ್ಯಾನೊಟ್ಯೂಬ್ ಒಣ ಪುಡಿ ಮುಟ್ಟೋರು ದಯವಿಟ್ಟು ಮಾಸ್ಕ್ ಹಾಕ್ಕೊಳ್ಳಿ, ಬಟ್ಟೆ ಮಾಸ್ಕ್ ಅಲ್ಲ, ಸರಿಯಾದ ಫಿಲ್ಟರ್ ಇರೋದು, ಫ್ಯೂಮ್‌ಹುಡ್ ಒಳಗೆ. ಆದಷ್ಟೂ ದ್ರಾವಕದಲ್ಲಿ ಮೊದಲೇ ಕಲೆಸಿ ಬರೋ ಪೇಸ್ಟ್ ತಗೊಳ್ಳಿ. ಒಣ ಪುಡಿ ಹೊಸಬರ ಕೈಗೆ ಕೊಡ್ಬೇಡಿ.

ವೋಲ್ಟೇಜ್ ವನಜಾ
ಸೀನ ಅವರ ಮಾತಿಗೆ ವಾಪಸ್ ಬರ್ತೀನಿ. ಪೇಪರ್ ಓದುವಾಗ ಮೊದಲು ನೋಡಬೇಕಾದ್ದು ಕೂಲಂಬಿಕ್ ಎಫಿಷಿಯೆನ್ಸಿ, ಅಂದ್ರೆ ಒಂದು ಸೈಕಲ್‌ನಲ್ಲಿ ಒಳಗೆ ಹೋದ ಚಾರ್ಜ್‌ನಲ್ಲಿ ವಾಪಸ್ ಬರೋ ಪಾಲು. 99.9 ಶೇಕಡಾ ಅಂದ್ರೆ ಕೇಳೋಕೆ ಏನ್ ಚಂದ! 500 ಸಲ ಗುಣಿಸಿ ನೋಡಿ, ಉಳಿಯೋ ಲಿಥಿಯಂ ಬರೀ 61 ಶೇಕಡಾ. 99.99 ಆದ್ರೆ 95 ಉಳಿಯುತ್ತೆ. ಆ ಕೊನೇ ಒಂದು 9ರಲ್ಲಿ ಇಡೀ ಬ್ಯಾಟರಿಯ ಆಯಸ್ಸಿದೆ.

ಹಾಗಾದ್ರೆ ಪೇಪರಲ್ಲಿ 99.5 ಇದ್ರೂ ಸಾವಿರ ಸೈಕಲ್ ಹೇಗೆ ಓಡುತ್ತೆ? ಅದು ಹಾಫ್‌ಸೆಲ್. ಎದುರುಗಡೆ ದಪ್ಪ ಲಿಥಿಯಂ ಬಿಲ್ಲೆ ಕೂತಿರುತ್ತೆ, ಎಷ್ಟು ಕಳೆದ್ರೂ ಮತ್ತೆ ತುಂಬಿಸ್ತಾ ಇರುತ್ತೆ. ನಿಜವಾದ ಸೆಲ್‌ನಲ್ಲಿ ಕ್ಯಾಥೋಡ್ ತಂದಷ್ಟೇ ಲಿಥಿಯಂ, ಬೇರೆ ಗತಿ ಇಲ್ಲ. ಹಾಫ್‌ಸೆಲ್ ಫಲಿತಾಂಶ ಮಾತ್ರ ಕೊಟ್ಟು ಕ್ರಾಂತಿ ಅಂತ ಬರೆಯೋದನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ.

ಸಿಲಿಕಾನ್ ಸೀನ
+1. ಇನ್ನೊಂದು ಲೆಕ್ಕಾನೂ ಹಾಕ್ಬೇಕು. ಆನೋಡ್ ಒಂದೇ ಹಿಗ್ಗಿಸಿ ಏನೂ ಪ್ರಯೋಜನ ಇಲ್ಲ, ಕ್ಯಾಥೋಡ್ ಗ್ರಾಂಗೆ 200ರ ಹತ್ರನೇ ಕೂತಿದೆ. ಎರಡೂ ವಸ್ತು ಸೇರಿಸಿ ಗ್ರಾಂ ಲೆಕ್ಕ ಹಾಕಿದ್ರೆ ಗ್ರಾಫೈಟ್ ಜೊತೆ 130, ಆನೋಡ್ 1000 ಆದ್ರೆ 167, ಶುದ್ಧ ಸಿಲಿಕಾನ್ 3579 ಹಾಕಿದ್ರೂ 189. ಮೊದಲ ಒಂದು ಸಾವಿರದಲ್ಲೇ ಲಾಭದ ಮುಕ್ಕಾಲು ಪಾಲಿಲ್ಲದಿದ್ರೂ ಅರ್ಧಕ್ಕಿಂತ ಜಾಸ್ತಿ ಬಂದುಬಿಡುತ್ತೆ. ಅದಕ್ಕೇ ಕಂಪನಿಗಳು ಗ್ರಾಫೈಟ್ ಜೊತೆ ಸ್ವಲ್ಪ ಸಿಲಿಕಾನ್ ಆಕ್ಸೈಡೋ, ರಂಧ್ರ ಇರೋ ಕಾರ್ಬನ್ ಒಳಗೆ ಸಿಲೇನ್ ಗ್ಯಾಸಿಂದ ನ್ಯಾನೊ ಸಿಲಿಕಾನ್ ಕೂರಿಸಿದ ಪುಡಿಯೋ ಬೆರೆಸ್ತಾರೆ. 2021ರಲ್ಲಿ ಸಿಲಾ ಕಂಪನಿಯ ಸಿಲಿಕಾನ್ ಆನೋಡ್ ವೂಪ್ ಅನ್ನೋ ಕೈಪಟ್ಟಿಯಲ್ಲಿ ಬಂತು, 2023ರಿಂದ ಫೋನ್‌ಗಳಲ್ಲೂ ಸಿಲಿಕಾನ್-ಕಾರ್ಬನ್ ಅಂತ ಹೇಳ್ಕೊಂಡೇ ಮಾರ್ತಿದಾರೆ. ನಿಮ್ಮ ಹಳೇ 18650 ಬದ್ಲು ಈಗಿನದು ಬಿಚ್ಚಿದ್ರೆ ಗ್ರಾಫೈಟ್ ಮಧ್ಯೆ ಸಿಲಿಕಾನ್ ಕಾಣಬಹುದು, ಇಡಿಎಸ್ ಮ್ಯಾಪ್ (ಯಾವ ಧಾತು ಎಲ್ಲಿದೆ ಅಂತ ತೋರಿಸೋದು) ಹಾಕಿ ನೋಡಿ.

ಘನ ಗಂಭೀರ
ಎಲೆಕ್ಟ್ರೋಲೈಟ್ ವಿಷಯ ಯಾರೂ ಎತ್ತಲಿಲ್ಲ ಅಲ್ಲ ಮಾರಾಯ್ರೆ. ಅಲ್ಲಿಯೂ ನ್ಯಾನೊ ಉಂಟು. ಪಿಇಒ ಅಂತ ಒಂದು ಪಾಲಿಮರ್, ಅದರಲ್ಲಿ ಲಿಥಿಯಂ ಉಪ್ಪು ಕರಗಿಸಿದರೆ ಘನ ಎಲೆಕ್ಟ್ರೋಲೈಟ್ ಆಗ್ತದೆ, ಆದರೆ ಸುಮಾರು 60 ಡಿಗ್ರಿಗಿಂತ ಕೆಳಗೆ ಅದು ಹರಳುಗಟ್ಟಿ ಅಯಾನಿಗೆ ದಾರಿಯೇ ಇಲ್ಲ. 1998ರಲ್ಲಿ ಕ್ರೋಚೆ, ಸ್ಕ್ರೊಸಾಟಿ ಮತ್ತೆ ಅವರ ಜೊತೆಯವರು ಅದಕ್ಕೆ ಟೈಟಾನಿಯಾ, ಅಲ್ಯೂಮಿನಾದ ನ್ಯಾನೊ ಪುಡಿ ಬೆರೆಸಿದರು. ಆ ಪುಡಿಗೆ ಲಿಥಿಯಂ ಸಾಗಿಸುವ ಶಕ್ತಿ ಏನೂ ಇಲ್ಲ, ಆದರೂ ವಾಹಕತೆ ಏರಿತು, ಯಾಕೆಂದರೆ ಪಾಲಿಮರ್ ಸರಪಳಿಗಳು ಒಪ್ಪವಾಗಿ ಮಡಚಿಕೊಳ್ಳುವುದಕ್ಕೆ ಅದು ಬಿಡುವುದಿಲ್ಲ. ನೋಡಿ, ಇಲ್ಲಿ ಜಾಸ್ತಿ ಮೇಲ್ಮೈ ಇರುವುದೇ ಲಾಭ. ನ್ಯಾನೊ ಮೇಲ್ಮೈ ಅಂದರೆ ಶತ್ರು ಅಂತ ಸಾರಾಸಗಟು ಹೇಳಿ ಆಗುವುದಿಲ್ಲ.

ವೋಲ್ಟೇಜ್ ವನಜಾ
ಸಾರಾಸಗಟು ಯಾರೂ ಹೇಳ್ಲಿಲ್ಲ ರೀ 🙂 ಆದ್ರೆ ಆ ಪುಡಿ ಬೆರೆಸಿದ್ಮೇಲೂ ಕೋಣೆ ಉಷ್ಣತೆಯಲ್ಲಿ ಲಿಕ್ವಿಡ್‌ಗಿಂತ ನೂರಾರು ಪಟ್ಟು ಹಿಂದೆನೇ ಇದೆ ಅದು.

ಘನ ಗಂಭೀರ
ಅದು ಹೌದು. ವಾಹಕತೆ ಬೇಕಿದ್ದರೆ 2011ರಲ್ಲಿ ಕನ್ನೋ ಗುಂಪು ಕೊಟ್ಟ, ಜರ್ಮೇನಿಯಂ ಇರುವ ಲಿಥಿಯಂ ಸಲ್ಫೈಡ್ ಉಂಟು, ಸೆಂ.ಮೀ.ಗೆ 12 ಮಿಲಿಸೀಮೆನ್ಸ್, ಲಿಕ್ವಿಡ್‌ಗೆ ಸಮ. ಆದರೆ ತೇವ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಬರ್ತದೆ, ವಿಷ ಅದು. ಗಾರ್ನೆಟ್ ಜಾತಿಯ ಸೆರಾಮಿಕ್ ಉಂಟು, ಗಟ್ಟಿ ಕಲ್ಲಿನ ಹಾಗೆ ಇದ್ದರೂ ಕಣ ಕಣ ಸೇರುವ ಸಂದಿಯಲ್ಲಿ ಲಿಥಿಯಂ ಡೆಂಡ್ರೈಟ್ (ಬೇರಿನ ಹಾಗೆ ಬೆಳೆಯುವ ಲೋಹ) ನುಗ್ಗಿ ಶಾರ್ಟ್ ಮಾಡ್ತದೆ. ಕಣ ಸಣ್ಣದಾದಷ್ಟು ಸಂದಿ ಜಾಸ್ತಿ ಅಲ್ಲವಾ, ಹಾಗೆಂದು ಕಣ ಬೆಳೆಸುವ ಅಂತ ಹೊರಟರೆ ಬಿಸಿ ಮಾಡುವಾಗ ಲಿಥಿಯಂ ಆವಿಯಾಗಿ ಹೋಗ್ತದೆ. ನೆಮ್ಮದಿ ಇಲ್ಲ ಮಾರಾಯ್ರೆ ಈ ಕ್ಷೇತ್ರದಲ್ಲಿ.

ಟ್ಯಾಪ್ ಡೆನ್ಸಿಟಿ
ಕ್ಯಾಥೋಡ್ ಕಡೆ ಒಂದ ಉಲ್ಟಾ ಸುದ್ದಿ ಹೇಳಿ ಮುಗಸ್ತೀನ್ರಿ. ನಿಕ್ಕಲ್ ಮ್ಯಾಂಗನೀಸ್ ಕೋಬಾಲ್ಟ್ ಕ್ಯಾಥೋಡ್ ಐತಲ್ಲ, ಅದು ಮೊದಲಿಂದ ಸಣ್ಣ ಸಣ್ಣ ಕಣ ಕೂಡಿದ ಹತ್ತು ಮೈಕ್ರಾನಿನ ಗುಂಡು. ಚಾರ್ಜ್ ಮಾಡೂವಾಗ ಒಂದೊಂದು ಕಣ ಒಂದೊಂದು ದಿಕ್ಕಿಗೆ ಹಿಗ್ಗಿ ಗುಂಡು ಸೀಳ್ತೈತಿ. ಈಗೇನ್ ಮಾಡ್ಯಾರ, ಸಣ್ಣ ಮಾಡೂದ ಬಿಟ್ಟು ಎರಡ ಮೂರ ಮೈಕ್ರಾನಿನ ಒಂದ ಇಡೀ ಹರಳು ಬೆಳಸ್ತಾರ, ಸಿಂಗಲ್ ಕ್ರಿಸ್ಟಲ್ ಅಂತ. ಜೆಫ್ ಡಾನ್ ಗುಂಪು 2019ರಾಗ ಅಂಥಾ ಸೆಲ್ ಸಾವಿರಗಟ್ಟಲೆ ಸೈಕಲ್ ಓಡಿಸಿ ತೋರಿಸ್ಯಾರ. ಎಲ್ಲಾರೂ ಸಣ್ಣದು ಸಣ್ಣದು ಅಂತ ಓಡೂವಾಗ ಅವರು ದೊಡ್ಡದು ಮಾಡಿ ಗೆದ್ರು.

ಡಿಫ್ಯೂಷನ್ ದಾಸ
ಅದ್ರಲ್ಲಿ ಲಿಥಿಯಂ ಡಿಫ್ಯೂಷನ್ ಎಲ್‌ಎಫ್‌ಪಿಗಿಂತ ಎಷ್ಟೋ ವೇಗ ಸ್ವಾಮಿ, ಅದಕ್ಕೆ ಎರಡು ಮೂರು ಮೈಕ್ರಾನ್ ನಡೆಯುತ್ತೆ. ಎಲ್‌ಎಫ್‌ಪಿಗೆ ಹಂಗೆ ಮಾಡಿ ನೋಡೋಣ.

ಟ್ಯಾಪ್ ಡೆನ್ಸಿಟಿ
ಮಾಡಂಗಿಲ್ಲ ಬಿಡ್ರಿ, ಅಷ್ಟು ಒಪ್ಪೀನಿ.

ಕಾಯಿನ್‌ಸೆಲ್ ಕಷ್ಟಜೀವಿ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಗೈಡ್ ಹತ್ರ ಮಾತಾಡಿ ಹಾಫ್‌ಸೆಲ್ ಜೊತೆ ಫುಲ್‌ಸೆಲ್ಲೂ ಮಾಡೋಣ ಅಂತ ಕೇಳ್ತೀನಿ, ಲೋಡಿಂಗ್ ಕೂಡ ಬರೀತೀನಿ. ಈಗ ಕೈಲಿರೋದು 50 ನ್ಯಾನೊಮೀಟರ್ ಸಿಲಿಕಾನ್ ಪುಡಿ, ಬೈಂಡರ್ ಪಿವಿಡಿಎಫ್. ಸರಿ ಹೋಗುತ್ತಾ?

ಸಿಲಿಕಾನ್ ಸೀನ
ಪಿವಿಡಿಎಫ್ ಬೇಡ ಗುರು, ಸಿಲಿಕಾನ್ ಊದುವಾಗ ಹಿಡಿತ ಬಿಟ್ಬಿಡುತ್ತೆ. ಸಿಎಂಸಿ (ಸೆಲ್ಯುಲೋಸ್‌ನ ಅಂಟು) ಅಥವಾ ಪಾಲಿಅಕ್ರಿಲಿಕ್ ಆಸಿಡ್ ಹಾಕು, ಅದ್ರ ಕಾರ್ಬಾಕ್ಸಿಲ್ ಗುಂಪು ಸಿಲಿಕಾನ್ ಮೇಲಿನ ಆಕ್ಸೈಡ್ ಪದರನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಎರಡೂ ನೀರಲ್ಲಿ ಕರಗೋದು, ಪಿವಿಡಿಎಫ್ ಕರಗಿಸೋ ಎನ್‌ಎಂಪಿ ದ್ರಾವಕದ ವಾಸನೆ ಕುಡಿಯೋದೂ ತಪ್ಪುತ್ತೆ. ಎಲೆಕ್ಟ್ರೋಲೈಟ್‌ಗೆ ಎಫ್‌ಇಸಿ (ಫ್ಲೋರೊಎಥಿಲೀನ್ ಕಾರ್ಬೊನೇಟ್) ಸ್ವಲ್ಪ ಸೇರಿಸು, ಪೊರೆ ಗಟ್ಟಿ ಬರುತ್ತೆ.

ಕಾಯಿನ್‌ಸೆಲ್ ಕಷ್ಟಜೀವಿ
ಸರಿ ಅಣ್ಣ. ಸಂಜೆ ನೀರಲ್ಲಿ ಸ್ಲರಿ ಕಲೆಸಿ ಡಬ್ಬಿ ಮುಚ್ಚಿಟ್ಟು ಬೆಳಿಗ್ಗೆ ಕೋಟಿಂಗ್ ಮಾಡಿದ್ರೆ ಆಗುತ್ತಲ್ವಾ?

ಸ್ಲರಿ ಸಂಕಟ
ಅಯ್ಯೋ ಬೇಡ ಬೇಡ! ನ್ಯಾನೊ ಸಿಲಿಕಾನ್ ನೀರಿನ ಜೊತೆ ನಿಧಾನಕ್ಕೆ ಹೈಡ್ರೋಜನ್ ಬಿಡುತ್ತೆ, ಪಿಎಚ್ ಜಾಸ್ತಿ ಇದ್ರೆ ಇನ್ನೂ ಜೋರು. ರಾತ್ರಿ ಬಿಗಿಯಾಗಿ ಮುಚ್ಚಿಟ್ರೆ ಬೆಳಿಗ್ಗೆ ಡಬ್ಬಿ ಊದಿರುತ್ತೆ, ಮುಚ್ಚಳ ಹಾರಿದ್ರೆ ಕಣ್ಣಿಗೇ ಬರೋದು. ಕಲೆಸಿದ ದಿನವೇ ಬಳಿದುಬಿಡಿ, ಇಡಲೇಬೇಕು ಅಂದ್ರೆ ಮುಚ್ಚಳ ಸಡಿಲ ಬಿಟ್ಟು ಫ್ಯೂಮ್‌ಹುಡ್ ಒಳಗೆ ಇಡಿ, ಹತ್ರ ಹಾಟ್‌ಪ್ಲೇಟ್ ಇರೋದು ಬೇಡ.